ಮೂರು ಲೈಬ್ರರಿ, ಒಂದು ಕೋಹಾ: ಜೋಡಣೆಯ ಟಿಪ್ಪಣಿ

ಸಣ್ಣ ಲೈಬ್ರರಿಗೆ ಕಂಪ್ಯೂಟರ್ ವ್ಯವಸ್ಥೆ ಮಾಡಿಕೊಡಿ ಅಂತ ಯಾರಾದರೂ ಕೇಳಿದರೆ, ಅಕ್ಕಪಕ್ಕದಲ್ಲಿ ಇನ್ನೆಷ್ಟು ಲೈಬ್ರರಿಗಳಿವೆ ಎಂದು ಮೊದಲು ವಿಚಾರಿಸುತ್ತೇನೆ. ಮೂರು ಸಾವಿರ ಪುಸ್ತಕವಿರಲಿ, ಹತ್ತು ಸಾವಿರವಿರಲಿ, ಸರ್ವರ್ ಒಂದೇ, ಬ್ಯಾಕಪ್ ಒಂದೇ, ಏನಾದರೂ ಕೆಟ್ಟರೆ ರಾತ್ರಿ ಎದ್ದು ನೋಡುವವನೂ ಒಬ್ಬನೇ. ಆ ಕೆಲಸವನ್ನು ಒಂದು ಕಪಾಟಿನ ಲೈಬ್ರರಿಗಾಗಿ ಮಾಡುವುದು ಹೊಟ್ಟೆ ಉರಿಸುವ ವಿಷಯ. ಈ ಸಲ ಮೂರು ಸಿಕ್ಕವು: ಹಳ್ಳಿಯ ಯುವಕ ಸಂಘದ ವಾಚನಾಲಯ, ಪಕ್ಕದೂರಿನ ಪ್ರೌಢಶಾಲೆಯ ಲೈಬ್ರರಿ, ಪೇಟೆಯ ಮಹಿಳಾ ಸಮಾಜದ್ದು ಒಂದು. ಮಲೆನಾಡಿನ ಒಂದೇ ತಾಲೂಕು, ಒಂದೇ ಬಸ್ಸಿನ ದಾರಿ. ಎಲ್ಲ ಸೇರಿ ಒಂಬತ್ತು ಸಾವಿರದ ಆಸುಪಾಸು ಪುಸ್ತಕ. ಮೂರಕ್ಕೂ ಸೇರಿಸಿ ಕೋಹಾ ಎಂಬ ಒಂದೇ ಲೈಬ್ರರಿ ಸಾಫ್ಟ್‌ವೇರ್ ಕೂರಿಸಿದ ಕಥೆ ಇದು.

ಯಾವ ಸಾಫ್ಟ್‌ವೇರ್ ಎಂಬ ಚರ್ಚೆ ಬೇಗ ಮುಗಿಯಿತು. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆಯಾದ ಎನ್‌ಐಸಿಯ ಇ-ಗ್ರಂಥಾಲಯಕ್ಕೆ ದುಡ್ಡು ಕೊಡಬೇಕಿಲ್ಲ, ಆದರೆ ಅದರ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮಿನ ಮೂಲ ಬರಹ, ನಮ್ಮ ಕೈಗೆ ಸಿಗುವುದಿಲ್ಲ. ಅದು ಮುಖ್ಯವಾಗಿ ಸರ್ಕಾರಿ ಲೈಬ್ರರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಹೈದರಾಬಾದಿನಲ್ಲಿ ಹುಟ್ಟಿ 2008ರಲ್ಲಿ ಓಪನ್ ಸೋರ್ಸ್ ಆದ (ಸೋರ್ಸ್ ಕೋಡ್ ಎಲ್ಲರಿಗೂ ತೆರೆದ) ನ್ಯೂಜೆನ್‌ಲಿಬ್ ಇದೆ, ಅದನ್ನೂ ಬಿಟ್ಟೆವು. ಹಂಚಿಕೊಳ್ಳುವುದಕ್ಕಾಗಿಯೇ ಹುಟ್ಟಿದ್ದು ಎಂದರೆ ಎವರ್‌ಗ್ರೀನ್. ಅಮೆರಿಕದ ಜಾರ್ಜಿಯಾ ರಾಜ್ಯದ ಸಾರ್ವಜನಿಕ ಲೈಬ್ರರಿಗಳು ಪೈನ್ಸ್ ಎಂಬ ಜಾಲದಡಿ 2006ರಿಂದ ಅದನ್ನು ಒಟ್ಟಾಗಿ ಬಳಸುತ್ತಿವೆ, ಒಂದೇ ಕಾರ್ಡ್ ಎಲ್ಲೆಡೆ ನಡೆಯುತ್ತದೆ. ನೂರಾರು ಲೈಬ್ರರಿಗಳ ಭಾರ ಹೊರಲು ಕಟ್ಟಿದ ಅದರ ಯಂತ್ರಾಂಗ ಮೂರು ಊರಿನ ಕೆಲಸಕ್ಕೆ ತೀರಾ ಭಾರಿಯಾಯಿತು.

ಉಳಿದದ್ದು ಕೋಹಾ. ಅದರ ಹುಟ್ಟೂರು ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಗ್ರಾಮೀಣ ಜಿಲ್ಲೆ. ಲೆವಿನ್, ಫಾಕ್ಸ್‌ಟನ್, ಶಾನನ್‌ನಂಥ ಸಣ್ಣ ಊರುಗಳಲ್ಲಿ ಲೈಬ್ರರಿ ನಡೆಸುತ್ತಿದ್ದ ಟ್ರಸ್ಟಿಗೆ 1999ರಲ್ಲಿ ತನ್ನ ಹಳೆಯ ಸಾಫ್ಟ್‌ವೇರ್ 2000ನೇ ಇಸವಿ ದಾಟುತ್ತದೋ ಇಲ್ಲವೋ ಎಂಬ ಭಯ. ಕಟಿಪೊ ಎಂಬ ಸಣ್ಣ ಕಂಪನಿಯಿಂದ ಹೊಸದನ್ನು ಬರೆಸಿ, 2000ದ ಜನವರಿಯಲ್ಲಿ ಚಾಲೂ ಮಾಡಿ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಜಿಪಿಎಲ್ ಲೈಸೆನ್ಸಿನಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಚದುರಿದ ಶಾಖೆಗಳು, ಕಡಿಮೆ ದುಡ್ಡು: ನಮ್ಮದೂ ಅದೇ ಕಥೆ. ಇದೆಲ್ಲಕ್ಕಿಂತ ಮುಖ್ಯವಾದ ಕಾರಣ ಇನ್ನೊಂದು. ಶಾಲೆಯ ಲೈಬ್ರರಿ ನೋಡಿಕೊಳ್ಳುವ ಮೇಡಂ ಎಂ.ಲಿಬ್. ಓದುವಾಗ ಕೋಹಾ ಬಳಸಿದ್ದರು. ನಾನು ಊರು ಬಿಟ್ಟರೂ ಕೆಲಸ ನಿಲ್ಲಬಾರದಲ್ಲ.

ಇನ್‌ಸ್ಟಾಲ್ ಮಾಡಿದ್ದರ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. 4 ಜಿಬಿ ರ‍್ಯಾಮ್‌ನ ಬಾಡಿಗೆ ಸರ್ವರ್, ಅದರ ಮೇಲೆ ಡೆಬಿಯನ್ ಎಂಬ ಲಿನಕ್ಸ್, ಮರಿಯಾಡಿಬಿ ಎಂಬ ಡೇಟಾಬೇಸು, ಕೋಹಾದವರದೇ ಪ್ಯಾಕೇಜ್. ಕೋಹಾ-ಕ್ರಿಯೇಟ್ ಆಜ್ಞೆಗೆ ಒಂದು ಹೆಸರು ಕೊಟ್ಟರೆ ಡೇಟಾಬೇಸು, ಅಪಾಚೆ ಎಂಬ ವೆಬ್ ಸರ್ವರಿನ ಸೆಟ್ಟಿಂಗು ಎಲ್ಲ ಅದೇ ಮಾಡಿಕೊಳ್ಳುತ್ತದೆ. ವೇಗಕ್ಕಾಗಿ, ಕೋಹಾದ ಪ್ರೋಗ್ರಾಮನ್ನು ಸದಾ ಎಚ್ಚರವಾಗಿಡುವ ಪ್ಲ್ಯಾಕ್ ಚಾಲೂ ಮಾಡುವುದನ್ನು ಮರೆಯಬೇಡಿ. ಅದಿಲ್ಲದೆ ಒಂದೊಂದು ಪುಟ ತೆರೆಯುವಷ್ಟರಲ್ಲಿ ಕೌಂಟರಿನ ಮುಂದೆ ನಿಂತವರು ಮನೆಗೆ ಹೋಗಿರುತ್ತಾರೆ. ಸರ್ವರನ್ನು ಶಾಲೆಯ ಕಂಪ್ಯೂಟರಿನಲ್ಲೇ ಇಡೋಣ ಎಂಬ ಸಲಹೆ ಬಂದಿತ್ತು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೇಗಿರುತ್ತದೆ ಎಂಬುದು ಗೊತ್ತಿದ್ದವರೇ ಆ ಸಲಹೆ ಕೊಟ್ಟದ್ದು ಆಶ್ಚರ್ಯ. ತಿಂಗಳ ಬಾಡಿಗೆಯನ್ನು ಮೂವರೂ ಸಮನಾಗಿ ಹಂಚಿಕೊಂಡರು.

ಒಂದೇ ಮನೆಯೋ, ಮೂರು ಮನೆಯೋ

ನಿಜವಾದ ತೀರ್ಮಾನ ಇಲ್ಲಿತ್ತು. ಒಂದೇ ಸರ್ವರಿನ ಮೇಲೆ ಕೋಹಾದ ಮೂರು ಪ್ರತ್ಯೇಕ ಪ್ರತಿಗಳನ್ನು ಕೂರಿಸಬಹುದು. ಆಗ ಯಾರ ಡೇಟಾ ಯಾರಿಗೂ ಕಾಣುವುದಿಲ್ಲ, ಜಗಳವೂ ಇಲ್ಲ. ಇಲ್ಲವೇ ಒಂದೇ ಪ್ರತಿಯಲ್ಲಿ ಮೂರು ಶಾಖೆ ಮಾಡಬಹುದು: ಪುಸ್ತಕದ ವಿವರ ಒಂದೇ ಕಡೆ, ಅದರ ಕೆಳಗೆ ಯಾವ ಲೈಬ್ರರಿಯಲ್ಲಿ ಎಷ್ಟು ಪ್ರತಿ ಎಂಬ ಪಟ್ಟಿ. ಮೊದಲನೆಯದರಲ್ಲಿ ಹಂಚಿಕೊಳ್ಳುವುದು ಬಾಡಿಗೆಯನ್ನು ಮಾತ್ರ. ಅಷ್ಟಕ್ಕೇ ಆದರೆ ಇಷ್ಟು ಕಷ್ಟಪಡುವುದು ಯಾಕೆ? ಎರಡನೆಯದನ್ನೇ ಹಿಡಿದೆವು.

ಕೋಹಾದಲ್ಲಿ ಇಂಡಿಪೆಂಡೆಂಟ್ ಬ್ರಾಂಚಸ್ ಎಂಬ ಒಂದು ಸೆಟ್ಟಿಂಗ್ ಇದೆ. ಅದನ್ನು ಹಾಕಿದರೆ ಶಾಖೆಗಳ ನಡುವೆ ಗೋಡೆ ಏಳುತ್ತದೆ, ಒಬ್ಬರ ಸದಸ್ಯರನ್ನೂ ಪ್ರತಿಗಳನ್ನೂ ಇನ್ನೊಬ್ಬರು ಮುಟ್ಟುವಂತಿಲ್ಲ. ಅನೇಕರು ಮೊದಲ ದಿನವೇ ಇದನ್ನು ಹಾಕಿಬಿಡುತ್ತಾರೆ. ನನ್ನ ಮಟ್ಟಿಗೆ ಅದು ಬೇಡ. ಒಮ್ಮೆ ಹಾಕಿದರೆ ಕೊಟ್ಟು ತೆಗೆದುಕೊಳ್ಳುವ ಕೆಲಸಕ್ಕೆಲ್ಲ ಅಡ್ಡಗಾಲು. ಆದರೆ ಶಾಲೆಯ ಮೇಡಂ ಎತ್ತಿದ ಪ್ರಶ್ನೆ ಸರಿಯಾಗಿಯೇ ಇತ್ತು.

"ನಮ್ಮ ಮಕ್ಕಳ ಹೆಸರು, ಅಪ್ಪ-ಅಮ್ಮನ ಫೋನ್ ನಂಬರು ಪೇಟೆಯವರಿಗೆ ಯಾಕ್ರೀ ಕಾಣಬೇಕು?"

ಕಾಣಬೇಕಿಲ್ಲ. ಗೋಡೆ ಕಟ್ಟದೆಯೂ ಇದನ್ನು ಮಾಡಬಹುದು. ಸಿಬ್ಬಂದಿಯ ಅನುಮತಿಗಳ ಪಟ್ಟಿಯಲ್ಲಿ, ಯಾವ ಲೈಬ್ರರಿಯ ಸದಸ್ಯರ ವಿವರವನ್ನಾದರೂ ನೋಡಬಹುದು ಎಂಬ ಒಂದು ಅನುಮತಿ ಇದೆ. ಅದರ ಗುರುತು ತೆಗೆದರೆ ಆ ಸಿಬ್ಬಂದಿಗೆ ತಮ್ಮ ಲೈಬ್ರರಿಯ, ಅಥವಾ ತಮ್ಮ ಗುಂಪಿನ, ಸದಸ್ಯರು ಮಾತ್ರ ಕಾಣುತ್ತಾರೆ. ಯುವಕ ಸಂಘ, ಮಹಿಳಾ ಸಮಾಜ ಎರಡನ್ನೂ ಒಂದು ಗುಂಪು ಮಾಡಿ, ಶಾಲೆಯನ್ನು ಅದರಷ್ಟಕ್ಕೆ ಬಿಟ್ಟೆವು. ಕ್ಯಾಟಲಾಗ್ ಎಲ್ಲರದು, ಮಕ್ಕಳ ವಿವರ ಶಾಲೆಯದು.

ಪುಸ್ತಕಗಳ ನಂಬರು

ಮೂರೂ ಲೈಬ್ರರಿಗಳ ಅಕ್ಸೆಷನ್ ರಿಜಿಸ್ಟರು (ಬಂದ ಪುಸ್ತಕಗಳಿಗೆ ಸಾಲಾಗಿ ನಂಬರು ಕೊಡುವ ದಾಖಲೆ) ಒಂದರಿಂದಲೇ ಶುರು. ಕೋಹಾದಲ್ಲಿ ಒಂದು ಬಾರ್‌ಕೋಡ್ ಇಡೀ ವ್ಯವಸ್ಥೆಯಲ್ಲಿ ಒಂದೇ ಸಲ ಬರಬೇಕು. ಹಾಗಾಗಿ ಸಂಘದ ಪುಸ್ತಕಗಳಿಗೆ 1, ಶಾಲೆಗೆ 2, ಸಮಾಜಕ್ಕೆ 3 ಎಂದು ಮೊದಲ ಅಂಕಿ ಕೊಟ್ಟು, ಹಳೆಯ ನಂಬರನ್ನು ಆರು ಅಂಕಿಗೆ ತುಂಬಿಸಿದೆವು. ಸಂಘದ 347ನೇ ಪುಸ್ತಕ 1000347 ಆಯಿತು. ಹಳೆಯ ನಂಬರನ್ನು ಕೋಹಾ ಪ್ರತಿಯ ವಿವರ ಇಡುವ 952ನೇ ಕ್ಷೇತ್ರದ ಐ ಉಪಕ್ಷೇತ್ರದಲ್ಲಿ ಹಾಗೇ ಉಳಿಸಿದೆವು. ಪುಸ್ತಕದೊಳಗಿನ ಸೀಲಿನ ಕೆಳಗೆ ಮಸಿಯಲ್ಲಿ ಬರೆದಿರುವುದು ಅದೇ ತಾನೇ. ಅಕ್ಷರಗಳಲ್ಲಿ ಮುಂಗುರುತು ಕೊಡಬಹುದಿತ್ತು. ಆದರೆ ಕೋಡ್ 39 ಮಾದರಿಯ ಬಾರ್‌ಕೋಡ್ ಉದ್ದವಾದಷ್ಟೂ ಅಗಲ ಬೇಡುತ್ತದೆ, ಸಣ್ಣ ಸ್ಟಿಕರಿನಲ್ಲಿ ಗೆರೆಗಳು ಒತ್ತೊತ್ತಾಗಿ ಅಗ್ಗದ ಸ್ಕ್ಯಾನರ್ ಓದುವುದಿಲ್ಲ. ಬರೀ ಅಂಕಿ ಇಟ್ಟುಕೊಂಡು ಕೋಡ್ 128ರಲ್ಲಿ ಮುದ್ರಿಸಿದರೆ ಅದೇ ನಂಬರು ಕಡಿಮೆ ಜಾಗದಲ್ಲಿ ಕೂರುತ್ತದೆ. ಇದಕ್ಕೆ ಜಿಂಟ್ ಎಂಬ ಓಪನ್ ಸೋರ್ಸ್ ಉಪಕರಣ ಸಾಕು.

ನುಡಿಯಿಂದ ಯೂನಿಕೋಡಿಗೆ

ಶಾಲೆ ಮತ್ತು ಸಮಾಜ ಎರಡರಲ್ಲೂ ಎಕ್ಸೆಲ್ ಪಟ್ಟಿ ಇತ್ತು ಎಂದು ಸಂತೋಷಪಟ್ಟಿದ್ದೆವು. ತೆರೆದು ನೋಡಿದರೆ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಈ ಹಳೆಯ ಕ್ರಮದಲ್ಲಿ ಕಡತದೊಳಗೆ ಕನ್ನಡವೇ ಇರುವುದಿಲ್ಲ. 'ಕನ್ನಡ' ಎಂಬ ಪದ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ನರ ಎಸ್ಸೆಟ್, ಸಣ್ಣ ಕ್ಯೂ, ಮತ್ತೊಮ್ಮೆ ಎ, ಹೀಗೆ ಸಾಲಾಗಿ ಕುಳಿತಿರುತ್ತದೆ. ಫಾಂಟ್ ತೆಗೆದರೆ ಮುಖವಾಡ ಕಳಚಿತು. ಕೋಹಾಕ್ಕೆ ಬೇಕಿರುವುದು ಕನ್ನಡದ ಅಕ್ಷರಗಳಿಗೆ ಅವುಗಳದೇ ಕೋಡ್ ಇರುವ ಯೂನಿಕೋಡ್.

ಪರಿವರ್ತಕಗಳು ಸಿಗುತ್ತವೆ, ಬಹುಪಾಲು ಸರಿಯಾಗಿಯೇ ಮಾಡುತ್ತವೆ. ಎಡವುವುದು ಅರ್ಕಾವೊತ್ತಿನಲ್ಲಿ. ನುಡಿಯ ಹಳೆಯ ಕ್ರಮದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದಂತೆ ರ್ ಮೊದಲು. ಸರಳ ಪದದಲ್ಲಿ ಈ ಸ್ಥಾನಪಲ್ಲಟ ಸುಲಭ. ಜೊತೆಗೆ ಇನ್ನೊಂದು ಒತ್ತು ಇದ್ದರೆ ಪರಿವರ್ತಕಕ್ಕೆ ಎಲ್ಲಿಗೆ ಹಿಂದೆ ಸರಿಯಬೇಕೆಂದು ತಿಳಿಯದೆ 'ಸಾಮರ್ಥ್ಯ' ಹೋಗಿ 'ಸಾಮಥ್ರ್ಯ' ಆಗುತ್ತದೆ. ಇಂಥವನ್ನು ಹುಡುಕಿ ಹುಡುಕಿ ಕೈಯಲ್ಲೇ ತಿದ್ದಬೇಕಾಯಿತು.

ಸಂಘದ ಪಟ್ಟಿ ಯೂನಿಕೋಡಿನಲ್ಲೇ ಇತ್ತು, ಆದರೂ ಅದರದ್ದು ಬೇರೆಯೇ ಕಾಯಿಲೆ. ಟೈಪ್ ಮಾಡಿದವರಿಗೆ ಕೀಲಿಮಣೆಯಲ್ಲಿ ಅರ್ಕಾವೊತ್ತು ಸಿಕ್ಕಿಲ್ಲ. ಕನ್ನಡದ ಒಂಬತ್ತನ್ನೇ ಒತ್ತಿದ್ದಾರೆ. ಅನುಸ್ವಾರದ ಬದಲು ಕನ್ನಡದ ಸೊನ್ನೆ. 'ಕಾದ೦ಬರಿ', 'ಕಾಯ೯ದಶಿ೯'. ಪರದೆಯ ಮೇಲೆ ನೋಡಿದರೆ ಏನೂ ತಿಳಿಯುವುದಿಲ್ಲ. ಹುಡುಕಿದಾಗ ಮಾತ್ರ ಆ ಪುಸ್ತಕ ಇಲ್ಲವೇ ಇಲ್ಲ ಎನ್ನುತ್ತದೆ ಕಂಪ್ಯೂಟರು. ಇದಕ್ಕೆ, ಅಕ್ಷರಗಳ ಮಾದರಿ ಹೇಳಿ ಹುಡುಕಿ ಬದಲಿಸುವ ರೆಗ್ಯುಲರ್ ಎಕ್ಸ್‌ಪ್ರೆಷನ್ ಸಾಕು: ಸೊನ್ನೆಯ ಹಿಂದಿರುವುದು ಅಂಕಿಯಲ್ಲದೆ ಅಕ್ಷರವಾದರೆ ಅದನ್ನು ಅನುಸ್ವಾರ ಮಾಡು, ಒಂಬತ್ತಿನ ಹಿಂದೆ ಅಕ್ಷರವಿದ್ದರೆ ಆ ಅಕ್ಷರಕ್ಕೆ ಮುಂಚೆ ರ್ ಸೇರಿಸಿ ಒಂಬತ್ತನ್ನು ಅಳಿಸು. ೧೯೯೦ ಎಂಬ ಇಸವಿಗೆ ಕೈ ಹಾಕದಂತೆ ನೋಡಿಕೊಂಡರಾಯಿತು.

ಲೇಖಕರ ಹೆಸರುಗಳನ್ನು, ಪಟ್ಟಿ ಶುಚಿ ಮಾಡುವ ಓಪನ್‌ರಿಫೈನ್‌ನಲ್ಲಿ ಹಾಕಿದೆ. ಒಂದರಂತೊಂದಿರುವ ಹೆಸರುಗಳನ್ನು ಅದು ಗುಂಪು ಮಾಡಿ ತೋರಿಸುತ್ತದೆ, ಒಂದು ಮಾಡಬೇಕೋ ಬೇಡವೋ ಎಂದು ನಾವು ಹೇಳಬೇಕು. ಕಾಗುಣಿತದ ವ್ಯತ್ಯಾಸಗಳಿಗೆ ಅದು ಸರಿ. ಒಂದು ರಿಜಿಸ್ಟರಿನಲ್ಲಿ 'ಮಾಸ್ತಿ', ಇನ್ನೊಂದರಲ್ಲಿ 'ವೆಂಕಟೇಶ ಅಯ್ಯಂಗಾರ್ ಎಂ.', ಮೂರನೆಯದರಲ್ಲಿ 'ಶ್ರೀನಿವಾಸ' ಎಂದು ಕಾವ್ಯನಾಮ ಇದ್ದರೆ ಯಾವ ಯಂತ್ರವೂ ಸೇರಿಸಿಕೊಡುವುದಿಲ್ಲ. ಇದರ ಮೇಲೆ ಸಂಘದ ನಿವೃತ್ತ ಮೇಷ್ಟ್ರಿಗೂ ಶಾಲೆಯ ಮೇಡಂಗೂ ಒಳ್ಳೆಯ ವಾಗ್ವಾದವೇ ನಡೆಯಿತು.

"ಕವರಿನ ಮೇಲೆ ಹೇಗಿದೆಯೋ ಹಾಗೇ ಬರೀರಿ ಮೇಡಂ, ಜನ ಕೇಳೋದು ಅದನ್ನೇ."

"ಒಂದೊಂದು ಮುದ್ರಣದ ಕವರಿನ ಮೇಲೆ ಒಂದೊಂದು ಥರ ಇದೆಯಲ್ಲ ಮೇಷ್ಟ್ರೇ. ಯಾವ ಕವರು?"

ಅಥಾರಿಟಿ ದಾಖಲೆ ಇರುವುದೇ ಇಂಥ ಜಗಳಕ್ಕೆ. ಒಂದು ಹೆಸರನ್ನು ಮುಖ್ಯ ಎಂದಿಟ್ಟು, ಉಳಿದವನ್ನೆಲ್ಲ 400ನೇ ಕ್ಷೇತ್ರದಲ್ಲಿ 'ಇದನ್ನು ನೋಡಿ' ಎಂದು ಜೋಡಿಸಿದೆವು. ಯಾವ ಹೆಸರು ಮುಖ್ಯ ಎಂಬುದನ್ನು ಮೇಡಂ ತೀರ್ಮಾನಿಸುತ್ತಾರೆ, ದಾಖಲೆಗಳನ್ನು ಒಂದುಗೂಡಿಸುವ ಅನುಮತಿಯೂ ಅವರೊಬ್ಬರಿಗೇ. ಮೂರು ಜನ ಮೂರು ಕಡೆಯಿಂದ ಒಂದೇ ಕ್ಯಾಟಲಾಗಿಗೆ ಕೈ ಹಾಕುವಾಗ ಕೊನೆಯ ಮಾತು ಯಾರದು ಎಂಬುದು ಮೊದಲೇ ಗೊತ್ತಿರಬೇಕು. ಮೇಷ್ಟ್ರು ಒಪ್ಪಿದರು, ಪೂರ್ತಿ ಮನಸ್ಸಿನಿಂದ ಅಲ್ಲ.

ತಿದ್ದಿದ ಪಟ್ಟಿಯನ್ನು ಮಾರ್ಕ್‌ಎಡಿಟ್‌ನಲ್ಲಿ ಮಾರ್ಕ್ ದಾಖಲೆ (ಲೈಬ್ರರಿಗಳು ಪುಸ್ತಕದ ವಿವರವನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಕ್ರಮ) ಮಾಡಿ, ಒಳಗೆ ಬಿಡುವ ಮುಂಚೆ ತಡೆದು ತೋರಿಸುವ ಕೋಹಾದ ಸ್ಟೇಜಿಂಗ್ ಉಪಕರಣದಿಂದ ಒಳಗೆ ತಂದೆವು. ಮಾರ್ಕ್ ದಾಖಲೆಯ ಲೀಡರಿನ, ಅಂದರೆ ಅದರ ಆರಂಭದ ಭಾಗದ, 9ನೇ ಸ್ಥಾನದಲ್ಲಿ ಸಣ್ಣ ಎ ಅಕ್ಷರ ಇರಲೇಬೇಕು. ಇದು ಯೂನಿಕೋಡ್ ಎಂದು ಹೇಳುವ ಗುರುತು ಅದೊಂದೇ. ಅಲ್ಲಿ ಖಾಲಿ ಬಿಟ್ಟರೆ ಅಷ್ಟು ಕಷ್ಟಪಟ್ಟು ತಿದ್ದಿದ ಕನ್ನಡವೆಲ್ಲ ಚೂರು ಚೂರು. ಸ್ಟೇಜಿಂಗಿನ ಒಳ್ಳೆಯ ಗುಣವೆಂದರೆ ಒಳಗೆ ಬಿಟ್ಟ ಮೇಲೂ ಇಡೀ ಕಂತನ್ನು ವಾಪಸ್ ಪಡೆಯಬಹುದು. ಅದಕ್ಕೇ ನೂರು-ನೂರೈವತ್ತು ಪುಸ್ತಕಗಳ ಸಣ್ಣ ಕಂತು ಮಾಡಿ.

ಬೇರೆ ಲೈಬ್ರರಿಯ ಕ್ಯಾಟಲಾಗಿನಿಂದ ದಾಖಲೆ ತರುವ ಜೆಡ್39.50 ಎಂಬ ಕ್ರಮದ ಮೂಲಕ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ದಾಖಲೆ ಎಳೆದುಕೊಳ್ಳಬಹುದಲ್ಲ ಎಂದು ಕೇಳುವವರಿಗೆ: ಇಂಗ್ಲಿಷ್ ಪುಸ್ತಕಗಳಿಗೆ ಖಂಡಿತ. ಅಲ್ಲಿ ಕನ್ನಡ ಪುಸ್ತಕಗಳೂ ಬೇಕಾದಷ್ಟಿವೆ, ಅವರ ದೆಹಲಿ ಕಚೇರಿ ಅವನ್ನೂ ಸಂಗ್ರಹಿಸುತ್ತದೆ. ಆದರೆ ವಿವರವೆಲ್ಲ ರೋಮನ್ ಲಿಪಿಯಲ್ಲಿ, ಅಕ್ಷರದ ಮೇಲೊಂದು ಗೀಟು ಕೆಳಗೊಂದು ಚುಕ್ಕಿ. ನಮ್ಮ ಓದುಗರು ಹಾಗೆ ಹುಡುಕುವವರಲ್ಲ. ಕನ್ನಡದ್ದನ್ನು ಕೈಯಲ್ಲೇ ಹಾಕಿದೆವು.

ಬಲೆ ಕೇಳಿದರೆ ಬಲಿ

ಎಲ್ಲ ಒಳಗೆ ಬಂತು, ಪರದೆಯ ಮೇಲೆ ಚೆನ್ನಾಗಿಯೇ ಕಾಣಿಸಿತು. ಹುಡುಕಿದಾಗ ಬಣ್ಣ ಬಯಲು. ಕೋಹಾದ ಹುಡುಕಾಟ ನಡೆಸುವುದು ಝೀಬ್ರಾ ಎಂಬ ಇನ್ನೊಂದು ಸಾಫ್ಟ್‌ವೇರ್. ಅದರ ಬದಲು ಎಲಾಸ್ಟಿಕ್‌ಸರ್ಚ್ ಹಾಕುವ ದಾರಿಯೂ ಇದೆ, ನಮ್ಮ 4 ಜಿಬಿಗೆ ಅದು ಭಾರ. ಝೀಬ್ರಾ ಮೊದಲಿಗೆ ಸಿಎಚ್‌ಆರ್ ಎಂಬ ಹಳೆಯ ಅಕ್ಷರಪಟ್ಟಿಯ ಮೇಲೆ ನಡೆಯುತ್ತದೆ, ಅದು ಲ್ಯಾಟಿನ್ ಲಿಪಿಗೆಂದು ಮಾಡಿದ್ದು. ಕನ್ನಡಕ್ಕಾಗಿ, ಯೂನಿಕೋಡಿನ ಬೇರೆ ಲಿಪಿಗಳನ್ನೂ ಬಲ್ಲ ಐಸಿಯು ಎಂಬ ಕ್ರಮಕ್ಕೆ ಬದಲಾಯಿಸಬೇಕು. ಇಂಡೆಕ್ಸಿನ (ಹುಡುಕಲೆಂದು ಕಟ್ಟಿಡುವ ಪದಪಟ್ಟಿಯ) ಸೆಟ್ಟಿಂಗಿನ ಕಡತದಲ್ಲಿ ಅಕ್ಷರಪಟ್ಟಿಯ ಸಾಲುಗಳನ್ನು ಮುಚ್ಚಿ ಐಸಿಯು ಸರಪಳಿಯ ಸಾಲುಗಳನ್ನು ಹಾಕಿ, ಪೂರ್ತಿ ಇಂಡೆಕ್ಸನ್ನು ಮತ್ತೆ ಕಟ್ಟಿದೆ.

ಈಗ ಕನ್ನಡದಲ್ಲಿ ಹುಡುಕಿದರೆ ಉತ್ತರ ಬರತೊಡಗಿತು, ಅತಿಯಾಗಿಯೇ. 'ಬಲೆ' ಎಂದರೆ 'ಬಲಿ' ಬರುತ್ತದೆ, 'ಬಲ'ವೂ ಬರುತ್ತದೆ. 'ಮನೆ' ಕೇಳಿದರೆ 'ಮನ'. ಇನ್ನೂ ವಿಚಿತ್ರವೆಂದರೆ 'ಕೊಡೆ' ಎಂದು ಹುಡುಕಿದರೆ 'ಕೂಡಿ' ಇರುವ ಪುಸ್ತಕ.

ಕಾರಣ ಸಿಕ್ಕಿದ್ದು ಪದಗಳ ಐಸಿಯು ಕಡತದ ಒಂದು ಸಾಲಿನಲ್ಲಿ. ಅಕ್ಷರಗಳನ್ನು ಬಿಡಿ ಭಾಗಗಳಾಗಿ ಒಡೆ, ಜಾಗ ತೆಗೆದುಕೊಳ್ಳದ ಗುರುತುಗಳನ್ನು ಅಳಿಸು, ಮತ್ತೆ ಕೂಡಿಸು ಎನ್ನುತ್ತದೆ ಆ ನಿಯಮ. ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳಿಗೆ ಇದು ವರ. ತಲೆಯ ಮೇಲಿನ ಗೀಟು ಹಾಕದೆಯೂ ಪದ ಸಿಗುತ್ತದೆ. ಕನ್ನಡದಲ್ಲಿ ಆ 'ಜಾಗ ತೆಗೆದುಕೊಳ್ಳದ ಗುರುತು' ಎಂಬ ವರ್ಗದೊಳಗೆ ಯೂನಿಕೋಡ್ ಇಟ್ಟಿರುವುದು ಇಕಾರದ ಗುಡಿಸು, ಎಕಾರದ ಏತ್ವ, ಔತ್ವ, ಮತ್ತು ವ್ಯಂಜನದ ಹಲಂತವನ್ನು. ದೀರ್ಘ, ಕೊಂಬು ಮುಂತಾದವು ಬೇರೆ ವರ್ಗದಲ್ಲಿ ಬಚಾವು. ಹಾಗಾಗಿ ಬಲೆ, ಬಲಿ, ಬಲ ಮೂರೂ ಇಂಡೆಕ್ಸಿನಲ್ಲಿ 'ಬಲ'. 'ಹಳ್ಳಿ' ಎಂಬುದು 'ಹಳಳ'. ಇನ್ನು ಓತ್ವವನ್ನು ಒಡೆದರೆ ಅದು ಏತ್ವ ಮತ್ತು ಊಕಾರದ ಕೊಂಬು. ಏತ್ವ ಅಳಿಸಿಹೋಗಿ ಕೊಂಬು ಉಳಿಯುತ್ತದೆ. 'ಕೊಡೆ' ಹೋಗಿ 'ಕೂಡ', 'ಕೂಡಿ'ಯೂ 'ಕೂಡ'. ಎರಡೂ ಅಲ್ಲಿ ಭೇಟಿಯಾಗುತ್ತವೆ.

ಸಾಲನ್ನೇ ಕಿತ್ತುಹಾಕಬಹುದು. ಆದರೆ ರೋಮನ್ ಲಿಪಿಯ ದಾಖಲೆಗಳೂ ಒಂದಷ್ಟು ಇದ್ದುದರಿಂದ, ಎಲ್ಲ ಗುರುತುಗಳ ಬದಲು ಯೂನಿಕೋಡಿನ 0300ರಿಂದ 036ಎಫ್‌ವರೆಗಿನ ಗುರುತುಗಳನ್ನು ಮಾತ್ರ ಅಳಿಸು ಎಂದು ತಿದ್ದಿದೆ. ಲ್ಯಾಟಿನ್ ಅಕ್ಷರಗಳ ಗೀಟು-ಚುಕ್ಕಿಗಳಿರುವುದು ಅಲ್ಲಿ, ಕನ್ನಡದ ಯಾವುದೂ ಅಲ್ಲಿಲ್ಲ. ಇದೇ ನಿಯಮದ ಕೊನೆಯ ಭಾಗ ಮತ್ತೊಂದು ಉಪಕಾರ ಮಾಡುತ್ತದೆ: ಪರಿವರ್ತಕಗಳು ಓತ್ವ-ದೀರ್ಘವನ್ನು ಎರಡು ತುಂಡಾಗಿ ಬಿಟ್ಟಿದ್ದರೆ ಅದನ್ನು ಒಂದೇ ಅಕ್ಷರವಾಗಿ ಕೂಡಿಸುತ್ತದೆ.

ಇನ್ನೊಂದು ಸಾಲು ಸೇರಿಸಿದೆ. 'ಶೇಕ್ಸ್‌ಪಿಯರ್' ಎಂದು ಕಂಪ್ಯೂಟರಿನಲ್ಲಿ ಟೈಪ್ ಮಾಡುವವರು ಒತ್ತಕ್ಷರ ಆಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇಡುತ್ತಾರೆ. ಫೋನಿನಲ್ಲಿ ಹುಡುಕುವ ಮಕ್ಕಳು ಅದನ್ನು ಹಾಕದೆ 'ಶೇಕ್ಸ್ಪಿಯರ್' ಎನ್ನುತ್ತಾರೆ. ಆ ಅಗೋಚರ ವರ್ಗವನ್ನು ಇಂಡೆಕ್ಸಿನಲ್ಲಿ ಅಳಿಸಿದರೆ ಇಬ್ಬರಿಗೂ ಒಂದೇ ಉತ್ತರ. ಬದಲಾವಣೆ ಮಾಡಿದಾಗೆಲ್ಲ ಇಂಡೆಕ್ಸನ್ನು ಪೂರ್ತಿ ಮತ್ತೆ ಕಟ್ಟಬೇಕು, ಬರೀ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಹಳೆಯದೇ ಮುಂದುವರಿಯುತ್ತದೆ.

ಪುಸ್ತಕದ ಬೆನ್ನಿನ ಚೀಟಿ

ಪುಸ್ತಕಗಳಿಗೆ ವಿಷಯವಾರು ನಂಬರು ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯ 894.814, ಅದರಲ್ಲಿ ಕಾದಂಬರಿ-ಕಥೆ 894.8143. ನಿಯಮದ ಪ್ರಕಾರ ಹೋದರೆ ಅರ್ಧ ಲೈಬ್ರರಿಯ ಬೆನ್ನಿಗೆ ಒಂದೇ ನಂಬರು. ಕ್ಯಾಟಲಾಗಿನಲ್ಲಿ ಅದು ಇರಲಿ, ಚೀಟಿಯ ಮೇಲೆ ವಿಭಾಗದ ಹೆಸರು ಮತ್ತು ಲೇಖಕರ ಮೊದಲ ಮೂರಕ್ಷರ ಸಾಕು ಎಂದಾಯಿತು. ಲೆಕ್ಕದ ಹಾಳೆಯಲ್ಲಿ 'ಎಡದಿಂದ ಮೂರು' ಎಂಬ ಸೂತ್ರ ಹಾಕಿದರೆ 'ಶ್ರೀನಿವಾಸ'ಕ್ಕೆ ಬಂದದ್ದು 'ಶ್ರ', 'ಕುವೆಂಪು'ಗೆ 'ಕುವ'. ಯಂತ್ರ ಎಣಿಸುವುದು ಕೋಡ್‌ಗಳನ್ನು. ಹಲಂತಕ್ಕೂ ಕೊಂಬಿಗೂ ಒಂದೊಂದು ಎಣಿಕೆ. ನಮಗೆ ಬೇಕಾದ್ದು 'ಶ್ರೀನಿವಾ', 'ಕುವೆಂಪು'. ಕಾಗುಣಿತ ಸಮೇತ ಒಂದು ಅಕ್ಷರ ಎಂದು ಹಿಡಿಯುವ ನಾಲ್ಕು ಸಾಲಿನ ಪೈಥಾನ್ ಪ್ರೋಗ್ರಾಮ್ ಬರೆದು ಮುಗಿಸಿದೆ. ಕೋಹಾದೊಳಗಿನ ಲೇಬಲ್ ಉಪಕರಣದ ಪಿಡಿಎಫ್‌ನಲ್ಲಿ ಒತ್ತಕ್ಷರಗಳು ಕೂಡದೆ ಬಿಡಿಬಿಡಿಯಾಗಿ ಬಂದದ್ದರಿಂದ, ಪಟ್ಟಿಯನ್ನು ಹೊರಗೆ ತೆಗೆದು ಲಿಬ್ರೆಆಫೀಸಿನ ಮೇಲ್ ಮರ್ಜ್‌ನಲ್ಲಿ, ಹಾಳೆಗೆ 65 ಸ್ಟಿಕರಿನಂತೆ ಮುದ್ರಿಸಿದೆವು. ಅಂಟಿಸಿದ್ದು ಎಂಟನೇ ತರಗತಿಯ ಮಕ್ಕಳು. ನಾವು ಅಂಟಿಸಿದ್ದಕ್ಕಿಂತ ನೇರವಾಗಿದೆ.

ಯಾರ ನಿಯಮ, ಯಾರ ಚೀಲ

ಸಂಘದಲ್ಲಿ ಪುಸ್ತಕಕ್ಕೆ ಹದಿನೈದು ದಿನ, ದಂಡವಿಲ್ಲ. ಶಾಲೆಯಲ್ಲಿ ಒಂದು ವಾರ. ಸಮಾಜದಲ್ಲಿ ಎರಡು ವಾರ, ಆಮೇಲೆ ದಿನಕ್ಕೊಂದು ರೂಪಾಯಿ. ಎಲ್ಲರೂ ಒಂದೇ ನಿಯಮಕ್ಕೆ ಬನ್ನಿ ಎಂದು ಒತ್ತಾಯಿಸಬೇಕಿಲ್ಲ, ಲೈಬ್ರರಿ, ಸದಸ್ಯರ ವರ್ಗ, ಪುಸ್ತಕದ ಬಗೆ ಮೂರನ್ನೂ ಸೇರಿಸಿ ಬೇರೆ ಬೇರೆ ನಿಯಮ ಬರೆಯಲು ಕೋಹಾ ಬಿಡುತ್ತದೆ. ಆದರೆ ಸಮಾಜದ ಸದಸ್ಯೆ ಸಂಘದ ಪುಸ್ತಕ ತೆಗೆದುಕೊಂಡರೆ ಯಾರ ನಿಯಮ? ಇದಕ್ಕೆ ಸರ್ಕ್‌ಕಂಟ್ರೋಲ್ ಎಂಬ ಆಯ್ಕೆ: ಕೊಡುವ ಕೌಂಟರಿನದು, ಸದಸ್ಯರ ಲೈಬ್ರರಿಯದು, ಪುಸ್ತಕದ ಒಡೆಯರದು, ಮೂರರಲ್ಲಿ ಒಂದು. ಪುಸ್ತಕ ಕಳೆದರೆ ನಷ್ಟ ಯಾರಿಗೋ ನಿಯಮವೂ ಅವರದೇ ಇರಲಿ ಎಂದು ಒಡೆಯರದನ್ನು ಇಟ್ಟೆವು. ಪರೀಕ್ಷೆಯ ಗೈಡುಗಳಿಗೆ ಹೊರಗಿನವರು ಬೇಡಿಕೆ ಇಡದಂತೆ ತಡೆದೆವು.

ಬೇರೆ ಲೈಬ್ರರಿಯಲ್ಲಿ ವಾಪಸಾದ ಪುಸ್ತಕ ಅಲ್ಲೇ ಕಪಾಟು ಸೇರಲಿ, ತಿರುಗಾಡುತ್ತಿರಲಿ ಎಂಬುದು ನನ್ನ ಆಸೆಯಾಗಿತ್ತು, ಕೋಹಾ ಅದಕ್ಕೂ ಅವಕಾಶ ಕೊಡುತ್ತದೆ. "ನಮ್ಮ ಸೀಲಿನ ಪುಸ್ತಕ ಅವರ ಕಪಾಟಿನಲ್ಲಾ?" ಎಂದು ಮೂರೂ ಕಡೆಯವರು ಒಕ್ಕೊರಲಿನಿಂದ ಕೇಳಿದ ಮೇಲೆ ಆ ಆಸೆ ಬಿಟ್ಟೆ. ಈಗ ಶನಿವಾರದ ಬಸ್ಸಿನಲ್ಲಿ ಒಂದು ಕ್ಯಾನ್ವಾಸ್ ಚೀಲ ಹೋಗಿ ಬರುತ್ತದೆ. ಕಂಡಕ್ಟರಿಗೆ ಓದಲು ಪತ್ತೇದಾರಿ ಕಾದಂಬರಿ ಸಿಗುತ್ತದೆ, ಅವರ ಹೆಸರಲ್ಲೂ ಒಂದು ಕಾರ್ಡ್ ಮಾಡಿದ್ದೇವೆ. ಚೀಲದಲ್ಲಿದ್ದಷ್ಟು ಹೊತ್ತು ಪುಸ್ತಕ ಕ್ಯಾಟಲಾಗಿನಲ್ಲಿ 'ದಾರಿಯಲ್ಲಿದೆ' ಎಂದು ತೋರಿಸುತ್ತದೆ, ತಲುಪಿದ ಕಡೆ ಸ್ಕ್ಯಾನ್ ಮಾಡುವವರೆಗೂ ಹಾಗೇ. ಚೀಲ ಬಂದು ಮೂಲೆಯಲ್ಲಿ ಕೂತು, ಸ್ಕ್ಯಾನ್ ಮಾಡುವವರು ಊರಿನಲ್ಲಿಲ್ಲದಿದ್ದರೆ ಪುಸ್ತಕ ಲೋಕಕ್ಕೆ ಇಲ್ಲ. ದಾರಿಯಲ್ಲಿ ಮೂರು ದಿನ ಮೀರಿದರೆ ಎಚ್ಚರಿಕೆ ಕೊಡುವುದು ಕೋಹಾದ ರೂಢಿ. ವಾರಕ್ಕೊಂದೇ ಬಸ್ಸಿಗೆ ಅದು ಸುಮ್ಮನೆ ಗದ್ದಲ, ಹತ್ತು ದಿನಕ್ಕೆ ಏರಿಸಿದೆ.

ಕರೆಂಟು ಅಥವಾ ನೆಟ್‌ವರ್ಕ್ ಹೋದಾಗ ಕೌಂಟರಿನಲ್ಲಿ ಒಂದು ನೋಟ್‌ಬುಕ್ಕು. ಕಾರ್ಡ್ ನಂಬರು, ಬಾರ್‌ಕೋಡು, ತಾರೀಕು, ಇಷ್ಟೇ. ವಾಪಸಾದದ್ದನ್ನು ಆಮೇಲೆ ಹಿಂದಿನ ತಾರೀಕಿಗೇ ಹಾಕಬಹುದು, ದಂಡ ಬೀಳುವುದಿಲ್ಲ.

ಬ್ಯಾಕಪ್ ದಿನಾ ತಾನಾಗಿಯೇ ಆಗುತ್ತದೆ, ಆದರೆ ಅದೇ ಸರ್ವರಿನಲ್ಲಿ ಕೂರುತ್ತದೆ. ಅದನ್ನು ಶಾಲೆಯ ಕಂಪ್ಯೂಟರಿಗೂ ನನ್ನ ಮನೆಗೂ ಎಳೆದುಕೊಳ್ಳುವ ಸಣ್ಣ ಸ್ಕ್ರಿಪ್ಟ್ ಇದೆ. ಒಮ್ಮೆ ಬೇರೆ ಯಂತ್ರದಲ್ಲಿ ಬ್ಯಾಕಪ್ಪಿನಿಂದಲೇ ಪೂರ್ತಿ ಎಬ್ಬಿಸಿ ನೋಡಿದ್ದೇವೆ. ಹಾಗೆ ನೋಡದ ಬ್ಯಾಕಪ್ಪನ್ನು ನಾನು ನಂಬುವುದಿಲ್ಲ.

ಬಾಕಿ ಇರುವುದು ಅಪ್‌ಗ್ರೇಡು. ಕೋಹಾದ ಹೊಸ ಆವೃತ್ತಿ ವರ್ಷಕ್ಕೆ ಎರಡು, ಮೇ ಮತ್ತು ನವೆಂಬರಿನಲ್ಲಿ. ಎಲ್ಲದರ ಹಿಂದೆ ಓಡುವುದು ಬೇಡ, 24.11ರಂಥ ದೀರ್ಘಾವಧಿ ಆವೃತ್ತಿ ಹಿಡಿದು, ಶಾಲೆಗೆ ರಜೆ ಇರುವಾಗ ಬದಲಾಯಿಸುವುದು ಎಂದು ಮೂವರೂ ಒಪ್ಪಿದ್ದಾರೆ. ಆ ಕೆಲಸ ಮಾಡುವವರಿಗೆ ಒಂದು ಸೂಚನೆಯನ್ನು ಮೇಡಂ ಅವರ ಡೈರಿಯಲ್ಲಿ ಬರೆಸಿಟ್ಟಿದ್ದೇನೆ: ಪ್ಯಾಕೇಜ್ ಹೊಸದಾಗುವಾಗ, ನೀವು ತಿದ್ದಿರುವ ಐಸಿಯು ಕಡತದ ಬದಲು ನಮ್ಮದನ್ನು ಹಾಕಲೇ ಎಂದು ಡೆಬಿಯನ್ ಕೇಳುತ್ತದೆ. ಎನ್ ಒತ್ತಿ. ಆಮೇಲೆ ಬಲೆ ಎಂದು ಹುಡುಕಿ, ಬಲಿ ಬಂದರೆ ನನಗೆ ಫೋನ್ ಮಾಡಿ.